ಬೋರ್ಡಿಲ್ಲದ ಶೆಡ್ಡಿನಲ್ಲಿ ನಮ್ಮ ಹಳೇ ಬೋಟು ಗಟ್ಟಿಯಾಯಿತು

ಕುಶಾಲನಗರದ ಹತ್ತಿರ, ಕೂಡ್ಲೂರು ಕೈಗಾರಿಕಾ ಪ್ರದೇಶದ ಕಡೆ ಫೈಬರ್ ಕೆಲಸ ಮಾಡುವ ಒಂದು ಶೆಡ್ ಇದೆ. ಬೋರ್ಡ್ ಇಲ್ಲ. ಹೊರಗೆ ನೀರಿನ ಟ್ಯಾಂಕು, ಬಸ್ಸಿನ ಬಂಪರು, ಮಕ್ಕಳ ಜಾರುಬಂಡೆ ಎಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ. ಫೈಬರ್ ಬೋಟಿನ ಕೆಲಸ ಅಂದರೆ ಮಂಗಳೂರಿಗೋ ಮಲ್ಪೆಗೋ ಸಾಗಿಸಬೇಕು ಅಂತಲೇ ನಾನು ತಿಳಿದುಕೊಂಡಿದ್ದೆ. ಹೊಳೆ ಪಕ್ಕದವರಿಗೆ ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ನೆಲ್ಯಹುದಿಕೇರಿ. ತೋಟದ ಕೆಳಗೇ ಕಾವೇರಿ. 14 ಅಡಿಯ ಈ ಬೋಟನ್ನು ನಮ್ಮ ಮಾವನವರು ಮಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದರು. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿದಾಗ ಇದರಲ್ಲೇ ಅಕ್ಕಪಕ್ಕದ ಮನೆಯವರನ್ನು, ಒಂದು ಕರುವನ್ನೂ ಎತ್ತರದ ಜಾಗಕ್ಕೆ ಮುಟ್ಟಿಸಿದೆವು. ಹಾಗಾಗಿ ಹಳತಾಯಿತು ಅಂತ ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ.

ತೊಂದರೆ ಇದ್ದದ್ದು ಟ್ರಾನ್ಸಮ್‌ನಲ್ಲಿ. ಅಂದರೆ ಮೋಟರ್ ಕೂರಿಸುವ ಹಿಂಬದಿಯ ಹಲಗೆ. ನೋಡಲು ಪೂರ್ತಿ ಫೈಬರ್ ಥರ ಕಾಣುತ್ತದೆ, ಆದರೆ ಒಳಗೆ ಪ್ಲೈವುಡ್ ಇರುತ್ತದೆ. ಹೊರಗೊಂದು ಒಳಗೊಂದು ಫೈಬರ್ ಪದರ, ನಡುವೆ ಮರ. ನಮ್ಮದು 25 ಎಚ್‌ಪಿ ಟು ಸ್ಟ್ರೋಕ್ ಮೋಟರ್, ಹತ್ತಿರ ಹತ್ತಿರ 50 ಕೆಜಿ. ಆ ಭಾರ, ಮೇಲೆ ಅದು ತಳ್ಳುವ ಬಲ, ಎಲ್ಲ ಆ ಹಲಗೆಯ ಮೇಲೇ. ವೇಗ ಹೆಚ್ಚಿಸಿದರೆ ಮೋಟರ್ ಹಿಂದೆ ಮುಂದೆ ಬಾಗುತ್ತಿತ್ತು. ಎರಡು ವರ್ಷದ ಹಿಂದೆ ಬೇರೊಬ್ಬರ ಹತ್ತಿರ ತೋರಿಸಿದ್ದೆ. ಬಿರುಕಿಗೆ ಪುಟ್ಟಿ ತುಂಬಿ, ಮೇಲೊಂದು ಪದರ ಫೈಬರ್ ಮ್ಯಾಟ್ ಹಾಕಿ, ಚೆಂದವಾಗಿ ಬಣ್ಣ ಬಳಿದು 9,000 ರೂಪಾಯಿ ತೆಗೆದುಕೊಂಡರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಬಿರುಕು.

ಈ ಶೆಡ್ಡಿನ ಮೇಸ್ತ್ರಿ ಕರಾವಳಿಯವರು, ಮೀನುಗಾರಿಕೆ ಬೋಟುಗಳಲ್ಲಿ ಕೈ ಪಳಗಿದವರು. ಬೋಟು ಪಿಕಪ್‌ನಿಂದ ಇಳಿಯುವ ಮೊದಲೇ ಸ್ಕ್ರೂಡ್ರೈವರಿನ ಹಿಡಿಯಿಂದ ಹಲಗೆಯನ್ನು ಬಡಿಯುತ್ತಾ ಹೋದರು. ಮೇಲಿನ ಮೂಲೆಯಲ್ಲಿ ಟಕ್ ಟಕ್ ಅಂತ ಗಟ್ಟಿ ಸದ್ದು. ಮೋಟರಿನ ಬೋಲ್ಟ್ ಹತ್ತಿರ ಬಂದ ಹಾಗೆ ದಬ್ ದಬ್ ಅಂತ ಮಂಕಾಯಿತು. ನಾವು ಕಣದಲ್ಲಿ ಒಣಗಿದ ಕಾಫಿ ಚೆರಿಯನ್ನು ಒಂದು ಹಿಡಿ ಎತ್ತಿ ಅಲ್ಲಾಡಿಸಿ, ಸದ್ದು ಕೇಳಿಯೇ ಹದ ಹೇಳುತ್ತೇವಲ್ಲ, ಹಾಗೆ. ಆಮೇಲೆ ಒಳಗಿನ ಕಡೆಯಿಂದ ಸಣ್ಣ ಬಿಟ್ ಹಾಕಿ ನಾಲ್ಕು ತೂತು ಕೊರೆದರು. ಒಳ್ಳೆಯ ಮರವಾದರೆ ತಿಳಿ ಬಣ್ಣದ ಒಣ ಹೊಟ್ಟು ಬರಬೇಕು. ಇದರಲ್ಲಿ ಬಂದದ್ದು ಕಾಫಿ ಚರಟದ ಥರದ ಕಪ್ಪು ಹಸಿ ಮುದ್ದೆ.

"ಅಕ್ಕ, ಇದರ ಮೇಲೆ ಇನ್ನೊಂದು ಪದರ ಹಾಕಿ ಕೊಡ್ಲಿಕ್ಕೆ ನನಗೆ ಎರಡು ದಿನ ಸಾಕು. ಆದ್ರೆ ಮೋಟರು ಒಂದಿನ ಹಲಗೆ ಸಮೇತ ಹೊಳೆಗೆ ಬೀಳ್ತದೆ" ಅಂದರು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆಗಲೇ.

ಒಳಗಿನ ಪದರವನ್ನು ಕತ್ತರಿಸಿ ತೆಗೆಯುವ ದಿನ ನನ್ನನ್ನು ಕರೆದರು. ಹೊರಗಿನ ಪದರವನ್ನು ಹಾಗೇ ಬಿಟ್ಟುಕೊಂಡರೆ ಬೋಟಿನ ಆಕಾರ ಕೆಡುವುದಿಲ್ಲ, ಅದಕ್ಕೇ ಒಳಗಿನಿಂದ ಕೆಲಸ. ಗ್ರೈಂಡರ್ ನಿಂತ ಮೇಲೆ ಆ ತುಂಡನ್ನು ಎತ್ತಿದರು. ಹುಳಿ ಹುಳಿ ವಾಸನೆ. ಪ್ಲೈವುಡ್ ಅನ್ನೋದು ಉಳಿದೇ ಇರಲಿಲ್ಲ, ಬೆರಳಲ್ಲಿ ಒತ್ತಿದರೆ ನೀರು ಜಿನುಗುತ್ತಿತ್ತು. ನೀರು ಎಲ್ಲಿಂದ ಹೊಕ್ಕಿತು ಅಂತಲೂ ತೋರಿಸಿದರು. ಬೋಲ್ಟಿನ ತೂತುಗಳು, ಕೆಳಗಿನ ನೀರು ಬಸಿಯುವ ತೂತು. ಯಾವುದಕ್ಕೂ ಒಳಗೆ ಸೀಲ್ ಮಾಡಿರಲಿಲ್ಲ. ಬರೀ ಮರಕ್ಕೆ ತೂತು ಕೊರೆದು ಬೋಲ್ಟ್ ಬಿಗಿದಿದ್ದರು, ಅಷ್ಟೇ.

ಎಲ್ಲಾ ಕೆರೆದು ತೆಗೆದ ಮೇಲೆ ಹತ್ತು ದಿನ ಏನೂ ಮಾಡಲಿಲ್ಲ. ಬೋಟನ್ನು ಬಿಸಿಲಿಗಿಟ್ಟು ಸುಮ್ನೆ ಬಿಟ್ಟರು. ನನಗೆ ಅವಸರ, ಎರಡು ಸಲ ಫೋನ್ ಮಾಡಿದೆ. ಹಸಿ ಇರುವಾಗ ಮುಚ್ಚಿದರೆ ಹೊಸ ಮರವೂ ಕೊಳೆಯುತ್ತೆ ಅಂತ ಅವರದು ಒಂದೇ ಮಾತು. ಈಗ ಅನ್ನಿಸುತ್ತದೆ, ನಾನು ಕೊಟ್ಟ ದುಡ್ಡಿಗೆ ಸಿಕ್ಕ ದೊಡ್ಡ ಕೆಲಸ ಆ ಹತ್ತು ದಿನವೇ. ಜನವರಿಯಲ್ಲಿ ಕೊಟ್ಟಿದ್ದಕ್ಕೆ ಇದೆಲ್ಲ ಆಯಿತು. ಜೂನ್‌ನಲ್ಲಿ ಕೊಟ್ಟಿದ್ದರೆ ನಮ್ಮ ಕೊಡಗಿನ ಮಳೆಯಲ್ಲಿ ಯಾವ ಮರ ಒಣಗುತ್ತೆ ಹೇಳಿ?

ಹೊಸದಕ್ಕೆ ಹಾಕಿದ್ದು 710 ಪ್ಲೈ, ಅಂದರೆ ಐಎಸ್ 710 ಗುರುತಿನ, ನೀರು ತಡೆಯುವ ಮೆರೈನ್ ಪ್ಲೈವುಡ್. ರಟ್ಟಿನಲ್ಲಿ ಅಳತೆ ಕತ್ತರಿಸಿ, 19 ಎಂಎಂನ ಎರಡು ಹಲಗೆಗಳನ್ನು ಎಪಾಕ್ಸಿ ಅನ್ನೋ ಗಟ್ಟಿ ಅಂಟಿನಲ್ಲಿ ಅಂಟಿಸಿ, ಒಟ್ಟು 38 ಎಂಎಂ ದಪ್ಪ ಮಾಡಿದರು. ಅಂಚುಗಳಿಗೆ, ಕತ್ತರಿಸಿದ ಮುಖಗಳಿಗೆ ಮೊದಲೇ ತೆಳು ಎಪಾಕ್ಸಿ ಕುಡಿಸಿದರು. ಹಲಗೆಯೂ ಬೋಟಿನ ತಳವೂ ಸೇರುವ ಮೂಲೆಗೆ ಗಟ್ಟಿ ಮಿಶ್ರಣ ಮೆತ್ತಿ ದುಂಡಗೆ ಮಾಡಿದರು. ಫೈಬರ್ ಬಟ್ಟೆ ಚೂಪಾದ ಮೂಲೆಯಲ್ಲಿ ಮಡಚಿ ಕೂರುವುದಿಲ್ಲ, ಅಡಿಯಲ್ಲಿ ಗಾಳಿ ಉಳಿದುಬಿಡುತ್ತದೆ. ಆಮೇಲೆ ಪದರದ ಮೇಲೆ ಪದರ, ಪ್ರತಿಯೊಂದೂ ಕೆಳಗಿನದಕ್ಕಿಂತ ಸ್ವಲ್ಪ ಅಗಲ.

ಎಪಾಕ್ಸಿ ಬದಲು ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ (ಫೈಬರ್ ಬಟ್ಟೆಯನ್ನು ಗಟ್ಟಿ ಮಾಡುವ ಅಂಟು) ಹಾಕಿದ್ದರೆ ಖರ್ಚು ಕಡಿಮೆ ಆಗುತ್ತಿತ್ತು, ಅದರಲ್ಲೂ ಒಳ್ಳೆಯ ಬೋಟುಗಳಾಗುತ್ತವೆ. ಆದರೆ ಹಳೇ ಫೈಬರ್‌ಗೆ, ಮರಕ್ಕೆ ಅಂಟುವುದರಲ್ಲಿ ಎಪಾಕ್ಸಿಯೇ ಗಟ್ಟಿ. ಒಂದು ವಿಷಯ ನೆನಪಿಟ್ಟುಕೊಳ್ಳಿ: ಎಪಾಕ್ಸಿ ಒಣಗಿದ ಮೇಲೆ ಅದರ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಬೋಟಿನ ಮೇಲೆ ಹಚ್ಚುವ ಜೆಲ್‌ಕೋಟ್ ಲೇಪವೂ ಸಾಮಾನ್ಯವಾಗಿ ಪಾಲಿಯೆಸ್ಟರೇ, ಅದಕ್ಕೇ ನಮ್ಮದಕ್ಕೆ ಅದರ ಬದಲು ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆದರು.

ನನಗೆ ತುಂಬಾ ಹಿಡಿಸಿದ್ದು ಬೋಲ್ಟ್ ತೂತಿನ ಕೆಲಸ. ಬೋಲ್ಟಿಗಿಂತ ಅಗಲವಾಗಿ ತೂತು ಕೊರೆದರು. ಹೊರಗಿನಿಂದ ಟೇಪ್ ಅಂಟಿಸಿ, ಒಳಗೆ ಎಪಾಕ್ಸಿ ತುಂಬಿ, ಒಂದು ರಾತ್ರಿ ಬಿಟ್ಟರು. ಮಾರನೇ ದಿನ ಆ ಗಟ್ಟಿಯಾದ ಎಪಾಕ್ಸಿಯ ನಡುವೆ ಬೋಲ್ಟಿನ ಅಳತೆಗೆ ಮತ್ತೆ ತೂತು. ಈಗ ಬೋಲ್ಟಿನ ಸುತ್ತ ಎಲ್ಲೂ ಮರ ಇಲ್ಲ. ಸೀಲಂಟ್ ಬಿಟ್ಟುಕೊಂಡು ನೀರು ಬಂದರೂ ಮರ ಮುಟ್ಟುವುದಿಲ್ಲ. ಗಿಡಕ್ಕೆ ಬಡ್ಡಿಂಗ್ (ಕಣ್ಣು ಕಸಿ) ಮಾಡುವಾಗ ಗಾಯಕ್ಕೆ ನೀರು ಹೋಗದ ಹಾಗೆ ಪಟ್ಟಿ ಸುತ್ತುತ್ತೇವಲ್ಲ, ಅಷ್ಟೇ ನಾಜೂಕು. ಮೋಟರ್ ಕೂರಿಸುವ ಮುಂಚೆ ಹಲಗೆಯ ಎತ್ತರವನ್ನೂ ಅಳೆದರು. ಮೋಟರಿನಿಂದ ನೀರೊಳಗಿನ ಫ್ಯಾನಿಗೆ ಇಳಿಯುವ ಶಾಫ್ಟು ಗಿಡ್ಡದಾದರೆ 15 ಇಂಚು, ಉದ್ದದಾದರೆ 20. ನಮ್ಮದು ಉದ್ದದ್ದು, ಹಲಗೆ ಇಷ್ಟು ವರ್ಷ ಒಂದು ಇಂಚು ಗಿಡ್ಡ ಇತ್ತಂತೆ. ಈಗ ಸರಿಯಾಗಿದೆ.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳುವುದಿಲ್ಲ. ಮೂರು ವಾರ ಅಂದದ್ದು ಆರು ವಾರ ಆಯಿತು. ಒಣಗಿಸಿದ ಹತ್ತು ದಿನ ಸರಿ, ಉಳಿದದ್ದು ಬೇರೆ ಕೆಲಸ ಹಿಡಿದುಕೊಂಡು ಆದ ತಡ. ಅದನ್ನು ಮೊದಲೇ ಹೇಳಬೇಕಿತ್ತು. ಹೊಸ ಬಿಳಿ ಬಣ್ಣ ಹಳೇ ಮಾಸಿದ ಬಿಳಿಗೆ ಹೊಂದಿಲ್ಲ, ದೂರದಿಂದಲೇ ಕಾಣುತ್ತದೆ. ಗ್ರೈಂಡಿಂಗ್ ಮಾಡುವ ಹುಡುಗರು ಮೂಗಿಗೆ ಬರೀ ಕರ್ಚೀಫ್ ಕಟ್ಟಿಕೊಂಡಿದ್ದರು. ಫೈಬರ್ ಅಂದರೆ ಗಾಜಿನ ನಾರು, ಗಾಜಿನ ಧೂಳು ಅದು. ಸರಿಯಾದ ಮಾಸ್ಕ್ ಕೊಡಿಸಿ ಅಂತ ಮೇಸ್ತ್ರಿಗೆ ನೇರವಾಗಿ ಹೇಳಿದೆ. ಮುಂದಿನ ಸಲ ಹೋದಾಗ ಇಬ್ಬರ ಹತ್ತಿರ ಇತ್ತು, ಮೂರನೆಯವನಿಗೆ ಇನ್ನೂ ಇರಲಿಲ್ಲ.

ಒಟ್ಟು 36,500 ಆಯಿತು. ಸಾಮಾನಿಗೆ 20,500, ಕೂಲಿ 16,000. ಪ್ಲೈ ಮತ್ತು ಎಪಾಕ್ಸಿಯ ಅಂಗಡಿ ಬಿಲ್ಲುಗಳನ್ನು ಕೇಳದೆಯೇ ಕೊಟ್ಟರು. ಕಡಿಮೆ ದುಡ್ಡಲ್ಲ, ಆದರೆ ಹೋದ ಸಲ ನೀರಿಗೆ ಹಾಕಿದ 9,000ಕ್ಕಿಂತ ಇದು ನನಗೆ ಹಗುರ ಅನ್ನಿಸಿತು.

ಮಾರ್ಚ್ ಮೊದಲ ವಾರ ಹೊಳೆಗೆ ಇಳಿಸಿದೆವು. ನಮ್ಮ ಯಜಮಾನರು ಮೋಟರ್ ಹಿಡಿದರು, ನಾನು ಹಿಂದಕ್ಕೆ ತಿರುಗಿ ಕೂತು ಹಲಗೆಯನ್ನೇ ನೋಡುತ್ತಿದ್ದೆ. ಪೂರ್ತಿ ವೇಗಕ್ಕೆ ಹೋದರೂ ಒಂದು ಕೂದಲಷ್ಟೂ ಅಲುಗಲಿಲ್ಲ. ದಡಕ್ಕೆ ಬಂದ ಮೇಲೆ ಬೋಲ್ಟಿನ ಸುತ್ತ ಒಳಗಿನಿಂದ ಒಣ ಬಟ್ಟೆ ಒತ್ತಿ ನೋಡಿದೆ, ಒಣಗಿಯೇ ಇತ್ತು. ಬೋಟಿನ ತಳದ ಹಲಗೆಯೂ ಒಂದು ಕಡೆ ಮೆತ್ತಗಿದೆ ಅಂತ ಮೇಸ್ತ್ರಿ ಹೇಳಿದ್ದಾರೆ. ಬರುವ ಜನವರಿಗೆ ಅದನ್ನೂ ಅವರಿಗೇ ಒಪ್ಪಿಸಿದ್ದೇನೆ. ಈ ಸಲ ತಾರೀಖು ಬರೆಸಿಕೊಂಡು ಬಂದಿದ್ದೇನೆ.