22 ತಿಂಗಳು ವೇಪ್ ಸೇದಿದ ಮೇಲೆ: ಒಂದು ಸ್ಟಾರ್, ಅದೂ ಜಾಸ್ತಿಯಾಯಿತು

ವೇಪ್ ಅಂದರೆ ಬ್ಯಾಟರಿಯಿಂದ ನಿಕೋಟಿನ್ ದ್ರವ ಕಾಯಿಸಿ ಹೊಗೆಯಂತೆ ಸೇದುವ ಇ-ಸಿಗರೇಟು. ಇದು ಬೋರ್ಡು ಹಾಕಿ ಮಾರುವ ವಸ್ತುವಲ್ಲ. ಕರ್ನಾಟಕದಲ್ಲಿ 2016ರಲ್ಲೇ ಇ-ಸಿಗರೇಟು ನಿಷೇಧವಾಯಿತು, 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಆದರೂ ತುಮಕೂರಿನ ಬಿ.ಎಚ್. ರಸ್ತೆಯ ಒಂದು ಅಂಗಡಿಯಲ್ಲಿ, ಮೊಬೈಲ್ ಕವರುಗಳ ಹಿಂದಿದ್ದ ಡಬ್ಬದಿಂದ, ನನಗೆ ಸಿಕ್ಕಿತು. ಬೆಲೆ 1,500 ರೂಪಾಯಿ. ಬಿಲ್ ಕೇಳಿದ್ದಕ್ಕೆ ಹುಡುಗ ನಕ್ಕ. ನಾನೂ ನಕ್ಕೆ. ಆ ನಗು ಎಷ್ಟು ದುಬಾರಿ ಅಂತ ಆಮೇಲೆ ಗೊತ್ತಾಯಿತು.

ತಗೊಂಡಿದ್ದು ಸಿಗರೇಟು ಬಿಡೋಕೆ. ದಿನಕ್ಕೆ ಏಳೆಂಟು ಸೇದುತ್ತಿದ್ದೆ. ಮಗು ಹುಟ್ಟಿದ ಮೇಲೆ ನನ್ನ ಶರ್ಟಿನ ವಾಸನೆಗೆ ಹೆಂಡತಿ ಮಗುವನ್ನು ಕೈಗೇ ಕೊಡುತ್ತಿರಲಿಲ್ಲ. ಇದಕ್ಕೆ ಮಾವಿನಹಣ್ಣಿನ ವಾಸನೆ. ರುಚಿಗೆ, ಸುಳ್ಳು ಯಾಕೆ ಹೇಳಲಿ, ಪೂರ್ತಿ ಮಾರ್ಕು ಕೊಡುತ್ತೇನೆ. ತೊಂದರೆ ಶುರುವಾಗಿದ್ದೇ ಆ ರುಚಿಯಿಂದ. ಸಿಗರೇಟಿಗೆ ಒಂದು ಕೊನೆ ಇರುತ್ತದೆ, ಬೆರಳಿಗೆ ಬಿಸಿ ತಾಗುವ ಹೊತ್ತಿಗೆ ಬಿಸಾಡಬೇಕು. ಇದು ಮುಗಿಯುವುದೇ ಇಲ್ಲ. ಹಾಸಿಗೆಯಲ್ಲಿ, ಬಚ್ಚಲಲ್ಲಿ, ವಸಂತನರಸಾಪುರಕ್ಕೆ ಹೋಗುವ ಕಂಪನಿ ಬಸ್ಸಿನ ಹಿಂದಿನ ಸೀಟಿನಲ್ಲಿ, ಎಲ್ಲೆಂದರಲ್ಲಿ ಒಂದೊಂದು ದಮ್ಮು. ಲೆಕ್ಕ ಇಟ್ಟವರು ಯಾರು?

ಡಬ್ಬದ ಮೇಲೆ 5% ನಿಕೋಟಿನ್ ಅಂತ ಬರೆದಿತ್ತು. ಐದೇ ಪರ್ಸೆಂಟ್ ಅಲ್ವಾ ಅಂದುಕೊಂಡೆ. ಅಂದರೆ ಒಂದು ಮಿಲಿ ದ್ರವದಲ್ಲಿ ಸುಮಾರು 50 ಮಿಲಿಗ್ರಾಂ. ಯುರೋಪ್ ಒಕ್ಕೂಟದ ದೇಶಗಳಲ್ಲಿ 20 ದಾಟುವಂತಿಲ್ಲ. ಇಷ್ಟು ಕಟು ಇದ್ದರೂ ಗಂಟಲು ಉರಿಯುವುದಿಲ್ಲ, ಯಾಕೆಂದರೆ ಆಮ್ಲ ಸೇರಿಸಿ ನಿಕೋಟಿನ್ನನ್ನು ಉಪ್ಪಿನ ರೂಪಕ್ಕೆ ತಂದಿರುತ್ತಾರೆ. ಉರಿದಿದ್ದರೆ ನಾನೇ ನಿಲ್ಲಿಸುತ್ತಿದ್ದೆನೇನೋ.

ಹದಿನಾಲ್ಕನೇ ತಿಂಗಳು ದೇವರಾಯನದುರ್ಗಕ್ಕೆ ಹೋಗಿದ್ದೆವು. ಯೋಗಾನರಸಿಂಹನ ಗುಡಿಯ ಮೆಟ್ಟಿಲಲ್ಲಿ ನಮ್ಮತ್ತೆ, ಮಂಡಿ ನೋವಿನವರು, ನನ್ನನ್ನು ದಾಟಿ ಹೋದರು. ಮೇಲೆ ನಿಂತು "ಯಾಕಪ್ಪಾ, ಹುಷಾರಿಲ್ವಾ?" ಅಂದರು. ಮಾತಾಡೋಕೆ ಉಸಿರಿರಲಿಲ್ಲ.

ಡಾಕ್ಟರ್ ಎಕ್ಸ್‌ರೇ ತೆಗೆಸಿದರು, ಕೊಳವೆಗೆ ಊದಿಸಿದರು. "ನೀರಿನ ಆವಿ ಅಲ್ವಾ ಸಾರ್?" ಅಂದೆ. ನೀರಲ್ಲ, ಗ್ಲಿಸರಿನ್ ಥರದ್ದು, ಕಾದಾಗ ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಹುಟ್ಟುತ್ತವೆ, ಸುರುಳಿ ತಂತಿಯಿಂದ ನಿಕ್ಕಲ್ ಕೂಡ ಬರುತ್ತದೆ ಅಂದರು. ಎದೆ ಡವಗುಟ್ಟುವುದಕ್ಕೆ ನಿಕೋಟಿನ್ ಸಾಕು. ಅಮೆರಿಕದಲ್ಲಿ 2019-20ರಲ್ಲಿ ವೇಪ್‌ನಿಂದ ಶ್ವಾಸಕೋಶ ಕೆಟ್ಟು 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 68 ಜನ ಸತ್ತರು. ಬಹುಪಾಲು ಗಾಂಜಾ ಎಣ್ಣೆಗೆ ವಿಟಮಿನ್ ಇ ಅಸಿಟೇಟ್ ಬೆರೆಸಿದ ಮಾಲು ಅದು. ನನ್ನದು ಆ ಕಾಯಿಲೆಯಲ್ಲ. ಆದರೆ ನನ್ನ ಡಬ್ಬದೊಳಗೆ ಏನಿತ್ತು ಅಂತ ಹೇಳುವವರೂ ಇಲ್ಲ.

ಅಷ್ಟಾದರೂ ಬಿಡಲಿಲ್ಲ. ಬಿಡಿಸಿದ್ದು ಬ್ಯಾಟರಿ. ಶಿಫ್ಟ್ ಮುಗಿಸಿ ಬಸ್ಸಿನಲ್ಲಿ ಕೂತಿದ್ದೆ, ಪ್ಯಾಂಟಿನ ಜೇಬಿನಲ್ಲೇ ಉಸ್ ಅಂತ ಶಬ್ದ, ಆಮೇಲೆ ಬೆಂಕಿ. ಲಿಥಿಯಂ ಬ್ಯಾಟರಿ. ತೊಡೆಯ ಮೇಲೆ ಅಂಗೈ ಅಗಲ ಸುಟ್ಟಿತು. ಯಾರೋ ಅದನ್ನು ಕಿಟಕಿಯಿಂದ ಆಚೆ ಎಸೆದರು. ಆಗ ಅವರಿಗೆ ಕೈ ಮುಗಿಯಬೇಕು ಅನ್ನಿಸಿತ್ತು. ಈಗ, ಸಾಕ್ಷಿ ಹೋಯಿತಲ್ಲಾ ಅನ್ನಿಸುತ್ತದೆ.

ಇನ್ನು ಗ್ರಾಹಕ ಸೇವೆ. ಅಂಗಡಿಯವನು "ಇಲ್ಲೇ ತಗೊಂಡ್ರಿ ಅನ್ನೋಕೆ ಏನ್ ಗ್ಯಾರಂಟಿ ಸಾರ್?" ಅಂದ. ಅಪ್ಪನಿಗೆ ಪರಿಚಯದ ಲಾಯರ್ ಹತ್ತಿರ ಹೋದೆ. ಅವರದ್ದೂ ಅದೇ ಪ್ರಶ್ನೆ: "ಬಿಲ್ ಐತೇನಪ್ಪಾ?"

"ಇಲ್ಲ ಸಾರ್. ಎರಡು ಸಲ ಫೋನ್‌ಪೇ ಮಾಡಿದೀನಿ."

ಅವರ ಮುಖ ಸ್ವಲ್ಪ ಅರಳಿತು. ಫೋನ್‌ಪೇ ಲೆಕ್ಕದಲ್ಲಿ ತಾರೀಖು, ಹಣ, ಹೆಸರು ಮೂರೂ ಇರುತ್ತವೆ. ಆಸ್ಪತ್ರೆ ಚೀಟಿಯಲ್ಲಿ "ಬ್ಯಾಟರಿ ಸಿಡಿದು ಸುಟ್ಟ ಗಾಯ" ಅಂತ ಕಾರಣ ಬರೆದಿದ್ದೂ ಒಳ್ಳೆಯದಾಯಿತು. ಸುಮ್ನೆ "ಸುಟ್ಟ ಗಾಯ" ಅಂತ ಬರೆದರೆ ಕಾರಣವನ್ನೂ ಕೇಳಿ ಬರೆಸಿಕೊಳ್ಳಿ, ನಾಚಿಕೆ ಬೇಡ.

ನನಗಿದ್ದ ದೊಡ್ಡ ಭಯ, ದೂರು ಕೊಟ್ಟರೆ ನನ್ನನ್ನೇ ಹಿಡಿದರೆ? 2019ರ ಕಾನೂನು ತಯಾರಿಸುವವರು, ಮಾರುವವರು, ದಾಸ್ತಾನು ಇಡುವವರು, ಜಾಹೀರಾತು ಕೊಡುವವರ ಮೇಲಿದೆ. ಮಾರಿದರೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಸೇದಿದ್ದಕ್ಕೆ ಅಂತ ಅದರಲ್ಲಿ ಶಿಕ್ಷೆ ಇಲ್ಲ.

ಪರಿಹಾರಕ್ಕೆ ಬೇರೆ ದಾರಿ, ಗ್ರಾಹಕ ರಕ್ಷಣಾ ಕಾಯ್ದೆ. ಅದೂ 2019ರದ್ದೇ. ತಯಾರಕ ಯಾರು ಅಂತ ಗೊತ್ತೇ ಇಲ್ಲದಿದ್ದರೆ ಮಾರಿದವನನ್ನೇ ಹೊಣೆ ಮಾಡಬಹುದು ಅಂತ 86ನೇ ಸೆಕ್ಷನ್ ಹೇಳುತ್ತದೆ. ಇದನ್ನು ಓದಿದ ದಿನ ಸ್ವಲ್ಪ ಊಟ ಸೇರಿತು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು, ಆನ್‌ಲೈನಲ್ಲೂ ಆಗುತ್ತದೆ, ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಫೀಸಿಲ್ಲ. ಏನೂ ತೋಚದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. "ನಿಷೇಧ ಅಂತ ಗೊತ್ತಿದ್ದೂ ಕೊಂಡ" ಅಂತ ಎದುರಿನವರು ವಾದ ಮಾಡೇ ಮಾಡುತ್ತಾರೆ, ಆಸೆ ಜಾಸ್ತಿ ಇಟ್ಟುಕೊಳ್ಳಬೇಡ ಅಂತಲೂ ಲಾಯರ್ ಹೇಳಿದ್ದಾರೆ. ಉಬ್ಬಸಕ್ಕೂ ಪರಿಹಾರ ಕೇಳೋಣವಾ ಅಂದೆ. ಹಳೆ ಸಿಗರೇಟಿನದ್ದು ಎಷ್ಟು, ಇದರದ್ದು ಎಷ್ಟು ಅಂತ ಬೇರೆ ಮಾಡೋದು ಹೇಗಪ್ಪಾ ಅಂದರು.

ಅಮೆರಿಕದಲ್ಲಿ ಜೂಲ್ ಅನ್ನುವ ಇ-ಸಿಗರೇಟು ಕಂಪನಿ, ಹುಡುಗರಿಗೆ ಚಟ ಹತ್ತಿಸಿತು ಅನ್ನುವ ಆರೋಪಕ್ಕೆ 2022ರಲ್ಲಿ ಮೂವತ್ತಕ್ಕೂ ಹೆಚ್ಚು ರಾಜ್ಯಗಳಿಗೆ ಸುಮಾರು 44 ಕೋಟಿ ಡಾಲರ್ ಕೊಡಲು ಒಪ್ಪಿತು. ಅಲ್ಲಿ ಕಂಪನಿಗೆ ವಿಳಾಸ ಇತ್ತು. ನನ್ನ ಡಬ್ಬದ ಮೇಲೆ ಇದ್ದದ್ದು ಮಾವಿನಹಣ್ಣಿನ ಚಿತ್ರ.

ಬಿಟ್ಟು ಮೂರು ತಿಂಗಳಾಯಿತು. ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಿದರು. ಮೊದಲ ವಾರ ಮನೆಯವರ ಮೇಲೆಲ್ಲ ರೇಗಾಡಿದೆ. ಮಗಳು ಈಗ ಎತ್ತಿಕೋ ಅಂತ ತಾನೇ ಬರುತ್ತಾಳೆ, ಎಡ ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ, ಬಲಗಡೆ ಇನ್ನೂ ಎಳೆಯುತ್ತದೆ.

ಅಂಗಡಿಗೆ ನೋಟಿಸು ಹೋಗಿ ಹದಿನಾರು ದಿನ. ಉತ್ತರ ಬಂದಿಲ್ಲ. ನಿನ್ನೆ ಆ ಕಡೆ ಹೋದಾಗ ಇಣುಕಿದೆ. ಡಬ್ಬ ಇದ್ದ ಜಾಗದಲ್ಲೂ ಈಗ ಮೊಬೈಲ್ ಕವರುಗಳೇ ನೇತಾಡುತ್ತಿವೆ.