ನಾಲ್ಕು ತುಂಡು ಕಬ್ಬಿಣ, ಒಂದು ಮಳೆಗಾಲ: ಹಳೆಯ ಜೀಪಿನ ಚಾಸಿಸ್‌ಗೆ ಯಾವ ಲೇಪ?

2022ರ ಜನವರಿ. ಕಾಫಿ ಕುಯ್ಲಿನ ನಡುವೆ ಒಂದು ಬೆಳಿಗ್ಗೆ ಜೀಪು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಹೊಸದು. ಹೀಟರ್ ಪ್ಲಗ್‌ಗಳನ್ನು ಬಿಚ್ಚಿ ನೇರವಾಗಿ ಬ್ಯಾಟರಿಗೆ ಕೊಟ್ಟು ನೋಡಿದರೆ ನಾಲ್ಕೂ ಕೆಂಪಗೆ ಕಾಯುತ್ತಿದ್ದವು. ನಮ್ಮದು 1989ರ ಮಹೀಂದ್ರ ಎಂಎಂ 540, ಅದರೊಳಗಿರುವುದು ಪ್ಯೂಜೊ ಎಕ್ಸ್‌ಡಿಪಿ 4.90 ಎಂಜಿನ್. ನಾಲ್ಕು ಸಿಲಿಂಡರ್, ಒಂದೊಂದರ ಒಳವ್ಯಾಸ 90 ಮಿಲಿಮೀಟರ್, ಹೆಸರಿನಲ್ಲಿರುವ 4.90ರ ಅರ್ಥವೇ ಅದು; ಒಟ್ಟು 2112 ಸಿಸಿ. ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳದೆ ಪಕ್ಕದ ಪುಟ್ಟ ಕೋಣೆಯಲ್ಲಿ ಹೊತ್ತಿಕೊಳ್ಳುವ ಜಾತಿಯ ಎಂಜಿನ್ ಇದು. ಚಳಿಯಲ್ಲಿ ಪ್ಲಗ್ ಪೂರ್ತಿ ಕಾಯದಿದ್ದರೆ ಬಿಳಿ ಹೊಗೆ ಬಿಡುತ್ತದೆಯೇ ಹೊರತು ಹೊತ್ತುವುದಿಲ್ಲ.

ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಮೇಲೆ ಹಿಡಿದು ಸೆಲ್ಫ್ ಹೊಡೆಸಿದೆ. ಅರ್ಧ ವೋಲ್ಟಿನೊಳಗೆ ಇರಬೇಕಾದ ಅಂಕಿ ಎರಡು ವೋಲ್ಟ್ ದಾಟಿತು, ಎಂದರೆ ಕರೆಂಟು ಬ್ಯಾಟರಿಗೆ ಹಿಂದಿರುಗುವ ದಾರಿಯಲ್ಲಿ ಎಲ್ಲೋ ತಡೆಯಿದೆ. ಅರ್ಥಿಂಗ್ ಪಟ್ಟಿ ಚಾಸಿಸ್‌ಗೆ ಸೇರುವ ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಬೋಲ್ಟ್ ತಿರುಗಲಿಲ್ಲ. ಅದು ಕೂತಿದ್ದ ಕಬ್ಬಿಣವೇ ಕಪ್ಪು ಲೇಪದ ಸಮೇತ ಕಿತ್ತುಕೊಂಡು ಕೈಗೆ ಬಂತು. ಲೇಪ ಹೊಸದರಂತೆ ಮಿರುಗುತ್ತಿತ್ತು. ಅದರ ಹಿಂದಿದ್ದದ್ದು ಹಪ್ಪಳದಂತೆ ಪದರು ಪದರಾದ ತುಕ್ಕು.

ಅಂದಿನಿಂದ ಈ ವಿಷಯದ ಬೆನ್ನು ಹತ್ತಿದ್ದೇನೆ. ಕೊಡಗಿನಲ್ಲಿ ಜೀಪು ಇಟ್ಟುಕೊಂಡವರಲ್ಲಿ ಟೈರ್, ಪವರ್ ಸ್ಟೀರಿಂಗ್, ಮುಂದಿನ ಡಿಸ್ಕ್ ಬ್ರೇಕ್ ಬಗ್ಗೆ ಮಾತು ಬಂದರೆ ರಾತ್ರಿಯಾಗುತ್ತದೆ. ಅದನ್ನೆಲ್ಲ ಹೊತ್ತು ನಿಂತಿರುವ ಚಾಸಿಸ್‌ನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಎಂಜಿನ್ ಹೋದರೆ ಮತ್ತೆ ಕಟ್ಟಬಹುದು. ಚಾಸಿಸ್ ಹೋದರೆ ಜೀಪೇ ಹೋದಂತೆ.

ನಮ್ಮ ತೋಟ ಕಕ್ಕಬೆಯ ಕಡೆ. ಮಳೆಯನ್ನು ನಾವು ಇಂಚು, ಸೆಂಟುಗಳಲ್ಲಿ ಬರೆದಿಡುತ್ತೇವೆ. ವರ್ಷಕ್ಕೆ ನೂರು ಇಂಚು ದಾಟುವುದು ಹೊಸತೇನಲ್ಲ. ಆದರೆ ಕಬ್ಬಿಣ ತಿನ್ನುವುದು ಮಳೆ ಒಂದೇ ಅಲ್ಲ. ಮಂಜು ಬೀಳುವ ದೇಶಗಳಲ್ಲಿ ರಸ್ತೆಗೆ ಹಾಕುವ ಉಪ್ಪು ವಾಹನಗಳನ್ನು ತಿನ್ನುತ್ತದೆ ಎನ್ನುತ್ತಾರೆ. ನಾವು ಉಪ್ಪನ್ನು ಜೀಪಿನಲ್ಲೇ ಹೊರುತ್ತೇವೆ: ಗೊಬ್ಬರದ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ಸಂಬಂಧಿ. ಮೂಟೆ ಹರಿದು ಚೆಲ್ಲಿದ ಪುಡಿ ಮಳೆನೀರಿನಲ್ಲಿ ಕರಗಿ ಚಾಸಿಸ್‌ಗೆ ಇಳಿಯುತ್ತದೆ. ಬೋರ್ಡೊ ದ್ರಾವಣಕ್ಕೆ ಕರಗಿಸುವ ಮೈಲುತುತ್ತ ಅದಕ್ಕಿಂತ ಕೆಟ್ಟದ್ದು. ಸುಣ್ಣ ಬೆರೆಸುವ ಮೊದಲು ಆ ನೀಲಿ ನೀರಿಗೆ ಒಂದು ಮೊಳೆ ಹಾಕಿ ನೋಡಿ, ಸ್ವಲ್ಪ ಹೊತ್ತಿನಲ್ಲೇ ಅದರ ಮೈಗೆ ತಾಮ್ರ ಕಟ್ಟಿ ಕೆಂಪಾಗುತ್ತದೆ. ಕಬ್ಬಿಣ ಅಷ್ಟರ ಮಟ್ಟಿಗೆ ಕರಗಿತು ಎಂದರ್ಥ. ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು ಎಂದು ಅಪ್ಪ ಹೇಳುತ್ತಿದ್ದದ್ದು ಇದಕ್ಕೇ. ಪ್ಲಾಸ್ಟಿಕ್ ಡ್ರಮ್ಮಿನಿಂದ ತುಳುಕಿದ್ದು ಎಲ್ಲಿಗೆ ಬೀಳುತ್ತದೆ ಎಂದು ನಾನು ಯೋಚಿಸಿರಲಿಲ್ಲ.

2020ಕ್ಕೆ ಮುಂಚಿನ ಎರಡು ವರ್ಷ ಮಾಡಿದ್ದು ಇಲ್ಲಿ ಎಲ್ಲರೂ ಮಾಡುವುದನ್ನೇ. ಮಳೆಗೆ ಮುಂಚೆ ಗ್ಯಾರೇಜಿನಿಂದ ಸುಟ್ಟ ಎಂಜಿನ್ ಆಯಿಲ್ ತಂದು, ಡೀಸೆಲ್ ಬೆರೆಸಿ, ಹಳೆಯ ಸ್ಪ್ರೇ ಪಂಪಿನಲ್ಲಿ ಅಡಿಗೆಲ್ಲ ಹೊಡೆಯುವುದು. ಖರ್ಚಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಈ ಜೀಪು ಸಾಮಾನು ಹೊತ್ತು ಮಕ್ಕಂದೂರು, ಹಟ್ಟಿಹೊಳೆ ಕಡೆಗೆ ಹಲವು ಬಾರಿ ಹೋಗಿ ಬಂತು. ಅಕ್ಸೆಲ್ ಮುಳುಗುವ ಕೆಸರು. ಹಿಂತಿರುಗಿ ತೊಳೆದಾಗ ಹೊರಮೈಯಲ್ಲಿ ಎಣ್ಣೆಯ ಸುಳಿವೇ ಇರಲಿಲ್ಲ. ಆದರೆ ಮುಚ್ಚಿದ ಭಾಗಗಳ ಒಳಗೆ ಬೆರಳು ಹಾಕಿದರೆ ಜಿಡ್ಡು ಹಾಗೇ ಇತ್ತು. ಈ ಒಂದು ಒಳ್ಳೆಯ ಗುಣವನ್ನು ಒಪ್ಪಿಕೊಳ್ಳಲೇಬೇಕು.

ಉಳಿದದ್ದೆಲ್ಲ ನಷ್ಟ. ಸ್ಪ್ರಿಂಗನ್ನು ಚಾಸಿಸ್‌ಗೆ ಹಿಡಿಸುವ ಶ್ಯಾಕಲ್‌ಗಳ ರಬ್ಬರ್ ಬುಷ್ ಎಣ್ಣೆ ಕುಡಿದು ಊದಿ, ಒಂದೇ ವರ್ಷದಲ್ಲಿ ಹರಿಯಿತು. ಬ್ರೇಕ್ ಹೋಸಿನ ಹೊರಮೈ ಮೆತ್ತಗಾಯಿತು. ಒಂದು ಸಲ ತುಂತುರು ಬ್ರೇಕ್ ಡ್ರಮ್ಮಿನೊಳಗೆ ಹೋಗಿ ಜೀಪು ಇಳಿಜಾರಿನಲ್ಲಿ ಬಲಕ್ಕೆ ಎಳೆಯಿತು. ಹಿಂದೆ ಆಳುಗಳು ಕುಳಿತಿದ್ದರು, ಆ ತಿರುವು ಈಗಲೂ ನೆನಪಿದೆ. ಸುಟ್ಟ ಆಯಿಲ್ ಚರ್ಮಕ್ಕೂ ಕೆಟ್ಟದ್ದು, ಪದೇ ಪದೇ ತಾಗಿದರೆ ಕ್ಯಾನ್ಸರ್ ತರಬಲ್ಲ ವಸ್ತುಗಳು ಅದರಲ್ಲಿವೆ. ಕೊನೆಗೆ ಮನಸ್ಸು ಕೆಡಿಸಿದ್ದು ಶೆಡ್ಡಿನ ಹಿಂದಿನ ತೋಡು. ನೀರಿನ ಮೇಲೆ ನವಿಲುಬಣ್ಣದ ಪೊರೆ. ಆ ತೋಡು ಹೋಗಿ ಸೇರುವುದು ಕಾವೇರಿಗೆ. ಅದನ್ನು ನೋಡಿದ ದಿನವೇ ಬಿಟ್ಟೆ.

ಹಾಗಾಗಿ 2020ರ ಫೆಬ್ರವರಿಯಲ್ಲಿ ಪಟ್ಟಣದ ಒಂದು ಅಂಗಡಿಯಲ್ಲಿ ಡಾಂಬರು, ರಬ್ಬರ್ ಬೆರೆತ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿದೆ. ನೀರು ಹೊಡೆದು ತೊಳೆದರು, ಅರ್ಧ ಗಂಟೆ ಗಾಳಿ ಹಿಡಿದರು, ದಪ್ಪಗೆ ಬಳಿದರು. ನೋಡಲು ಎಷ್ಟು ಚೆಂದವಿತ್ತೆಂದರೆ ಎರಡು ವರ್ಷ ನಾನು ಅಡಿಗೆ ಬಗ್ಗಿ ನೋಡಲೇ ಇಲ್ಲ. ಅಂಗಡಿಯವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಇದ್ದ ತುಕ್ಕಿನ ಮೇಲೆ ಬಳಿಯಲು ಒಪ್ಪಿದವನು ನಾನೇ. ಹೊಸ ವಾಹನದ ಶುದ್ಧ ಲೋಹದ ಮೇಲೆ ಈ ಲೇಪ ಚೆನ್ನಾಗಿ ನಿಲ್ಲುತ್ತದೆ. ಹಳೆಯದರ ಮೇಲೆ, ಕಲ್ಲು ಸಿಡಿದು ಬಿಟ್ಟ ಒಂದು ಬಿರುಕು ಸಾಕು. ನೀರು ಲೇಪದ ಹಿಂದೆ ಹರಿದಾಡುತ್ತದೆ, ಹೊರಬರಲು ದಾರಿಯಿಲ್ಲ, ಒಣಗಲು ಗಾಳಿಯಿಲ್ಲ. ಮೇಲೆ ಥಳುಕು, ಒಳಗೆ ಹುಳುಕು. ನಾಪೋಕ್ಲುವಿನ ವೆಲ್ಡಿಂಗ್ ಅಣ್ಣ ಸ್ಕ್ರೂಡ್ರೈವರ್ ತಿವಿದ ಕಡೆಯಲ್ಲೆಲ್ಲ ಅದು ಒಳಗಿಳಿಯಿತು. “ಬಳಿಯದೆ ಬಿಟ್ಟಿದ್ದರೂ ಇಷ್ಟು ತಿನ್ನುತ್ತಿರಲಿಲ್ಲ, ಕಣ್ಣಿಗಾದರೂ ಬೀಳುತ್ತಿತ್ತು” ಎಂದರು.

ಡೀಸೆಲ್ ಟ್ಯಾಂಕ್ ಇಳಿಸಿ, ಬ್ಯಾಟರಿ, ಆಲ್ಟರ್ನೇಟರ್ ತಂತಿ ಬಿಚ್ಚಿ, ಬಲಗಡೆ ಒಂದೂವರೆ ಅಡಿ ಕತ್ತರಿಸಿ ಹೊಸ ಉಕ್ಕು ಕೂರಿಸಿದೆವು. ತೇಪೆಯ ತುದಿಗಳನ್ನು ನೇರವಾಗಿ ಅಡ್ಡ ಕತ್ತರಿಸದೆ ಓರೆಯಾಗಿ ಕತ್ತರಿಸಿದರು. ಅಡ್ಡಗೆರೆಯಲ್ಲಿ ಬೆಸುಗೆ ಬಿದ್ದರೆ ಚಾಸಿಸ್ ಮುಂದೆ ಅದೇ ಗೆರೆಯಲ್ಲಿ ಬಿರಿಯುತ್ತದೆ.

ಕತ್ತರಿಸಿದ ಭಾಗದಲ್ಲಿ ಗಟ್ಟಿಯಾಗಿ ಉಳಿದಿದ್ದ ಕಡೆಯಿಂದ ಅಂಗೈಯಗಲದ ನಾಲ್ಕು ತುಂಡು ಕೇಳಿ ತಂದೆ. ಒಂದಕ್ಕೆ ಸುಟ್ಟ ಆಯಿಲ್. ಎರಡನೆಯದಕ್ಕೆ ಬ್ರಶ್ಶಿನಿಂದ ಮೇಲೆ ಮೇಲೆ ಉಜ್ಜಿ ಡಾಂಬರು ಲೇಪ. ಮೂರನೆಯದಕ್ಕೆ ರೆಡ್ ಆಕ್ಸೈಡ್, ಅದರ ಮೇಲೆ ಎನಾಮಲ್. ನಾಲ್ಕನೆಯದನ್ನು ಗ್ರೈಂಡರಿಗೆ ತಂತಿ ಬ್ರಶ್ ಹಾಕಿ ಉಜ್ಜಿ, ಫಾಸ್ಫಾರಿಕ್ ಆಮ್ಲದ ತುಕ್ಕು ನಿವಾರಕ ಹಚ್ಚಿ, ತೊಳೆದು ಒಣಗಿಸಿ, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಎರಡು ಸುತ್ತು, ಮೇಲೊಂದು ಸುತ್ತು ಬಣ್ಣ. ಒಣಗಿದ ಮೇಲೆ ಎಲ್ಲದರ ಮೇಲೂ ಮೊಳೆಯಿಂದ ಕಬ್ಬಿಣ ಕಾಣುವಂತೆ ಅಡ್ಡ ಉದ್ದ ಗೀರಿದೆ. ಕಾಡುದಾರಿಯಲ್ಲಿ ಗೀರು ಬೀಳದ ಲೇಪ ಯಾವುದೂ ಇಲ್ಲ, ಗೀರಿದ ಮೇಲೆ ಏನಾಗುತ್ತದೆ ಎಂಬುದೇ ನನಗೆ ಬೇಕಾಗಿತ್ತು. ನಾಲ್ಕನ್ನೂ ಹಿಂದಿನ ಚಕ್ರಗಳ ಹಿಂದೆ, ಕೆಸರು ಸಿಡಿಯುವಲ್ಲಿ ತಂತಿಯಿಂದ ಕಟ್ಟಿದೆ. ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಇಡೀ ಮಳೆ ಅವುಗಳ ಮೇಲೆ ಹೋಯಿತು.

ತಲಕಾವೇರಿಯ ತುಲಾ ಸಂಕ್ರಮಣ ಮುಗಿದ ವಾರ ಬಿಚ್ಚಿದೆ. ನಾಲ್ಕು ದಿನ ಜಗಲಿಯಲ್ಲಿ ಒಣಗಿಸಿ ಸುತ್ತಿಗೆಯಿಂದ ತಟ್ಟಿ ನೋಡಿದೆ. ಆಯಿಲ್ ಹಚ್ಚಿದ್ದರ ಮೈಯೆಲ್ಲ ತೆಳುವಾದ ಕಂದು ತುಕ್ಕು, ಆದರೆ ಸದ್ದು ಗಂಟೆಯಂತೆ. ಡಾಂಬರಿನದ್ದು ನೋಟಕ್ಕೆ ಎಲ್ಲಕ್ಕಿಂತ ಚೆನ್ನಾಗಿತ್ತು, ಸದ್ದು ಮಾತ್ರ ಮಂಕು. ಗೀರಿನ ಬಳಿ ಚಾಕುವಿನ ತುದಿ ಕೊಟ್ಟರೆ ಲೇಪ ಬಾಳೆಪಟ್ಟೆಯ ಸಿಪ್ಪೆಯಂತೆ ಉದ್ದಕ್ಕೆ ಎದ್ದು ಬಂತು; ನಾಲ್ಕು ದಿನ ಒಣಗಿದ ಮೇಲೂ ಅದರಡಿ ಕೈಗೆ ತೇವ ಹತ್ತಿತು. ಎನಾಮಲ್ ತುಂಡಿನಲ್ಲಿ ಗೀರಿನ ಎರಡೂ ಬದಿಗೆ ಅರ್ಧ ಇಂಚು ಗುಳ್ಳೆ. ಎಪಾಕ್ಸಿಯಲ್ಲಿ ತುಕ್ಕು ಗೀರಿನೊಳಗೇ ನಿಂತಿತ್ತು, ಕೆಂಪು ನೂಲು ಎಳೆದಂತೆ. ಪಕ್ಕಕ್ಕೆ ಒಂದು ಕೂದಲಷ್ಟೂ ಹರಡಿರಲಿಲ್ಲ.

ಹೊರಮೈಗೆ ಎಪಾಕ್ಸಿ ಎನ್ನಲು ನನಗೆ ಇನ್ನು ಅನುಮಾನವಿಲ್ಲ. ಸುಲಭವೆಂದು ಮಾತ್ರ ಹೇಳಲಾರೆ. ಜೀಪನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ ಆರು ದಿನ ಅಂಗಾತ ಮಲಗಿ ಉಜ್ಜಬೇಕಾಯಿತು. ಕನ್ನಡಕ, ಮುಖವಾಡ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಸಾಮಾನಿಗೆ ಸುಮಾರು ಆರು ಸಾವಿರ ರೂಪಾಯಿ ಆಯಿತು. ಎಪಾಕ್ಸಿಗೆ ತೇವ ಆಗದು. ಗಾಳಿಯ ತೇವಾಂಶ ಶೇ. 85ರೊಳಗಿರಬೇಕು, ಕಬ್ಬಿಣ ಇಬ್ಬನಿ ಕಟ್ಟುವ ಮಟ್ಟಕ್ಕಿಂತ 3 ಡಿಗ್ರಿಯಾದರೂ ಬೆಚ್ಚಗಿರಬೇಕು. ನಮ್ಮಲ್ಲಿ ಎಂದರೆ ಫೆಬ್ರವರಿಯಲ್ಲಿ, ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ, ಮಂಜು ಕರಗಿದ ಮೇಲೆ ಹನ್ನೊಂದರಿಂದ ಮೂರು ಗಂಟೆಯವರೆಗೆ.

ಇನ್ನೊಂದು ಪಾಠ ದುಬಾರಿಯಾಯಿತು. ಹಿಂದೆ ಸುಟ್ಟ ಆಯಿಲ್ ಕುಡಿದಿದ್ದ ಕಡೆ ಮೊದಲ ಸುತ್ತಿನ ಎಪಾಕ್ಸಿ ಮೀನಿನ ಹುರುಪೆಯಂತೆ ಎದ್ದಿತು. ಸೀಮೆಎಣ್ಣೆ, ಆಮೇಲೆ ಬಿಸಿನೀರು ಸೋಪು, ಕೊನೆಗೆ ತಿನ್ನರ್ ಬಟ್ಟೆ, ಬಟ್ಟೆ ಬಿಳಿಯಾಗಿ ಬರುವವರೆಗೆ ಒರೆಸಿ ಮತ್ತೆ ಬಳಿಯಬೇಕಾಯಿತು. ಪುಕ್ಕಟೆ ಎಣ್ಣೆ ಮುಂದಿನ ಬಣ್ಣಕ್ಕೂ ಶತ್ರು.

ಬ್ರಶ್ ಹೋಗದ ಒಳಭಾಗಕ್ಕೆ ಮೇಣವೇ ಬೇಕು, ಅಲ್ಲಿ ಗಟ್ಟಿ ಬಣ್ಣ ಬರುವುದಿಲ್ಲ. ಎಡಗಡೆಗೆ ಉದ್ದ ನಳಿಕೆಯಿರುವ ಅಂಗಡಿಯ ಕ್ಯಾವಿಟಿ ವ್ಯಾಕ್ಸ್, ಮೂರು ಡಬ್ಬಿ. ಬಲಗಡೆಗೆ ಮನೆಯಲ್ಲೇ ಮಾಡಿದ್ದು: ನಮ್ಮ ಪೆಟ್ಟಿಗೆಗಳ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಒಲೆ ಆರಿಸಿ, ಅಂಗಳಕ್ಕೆ ತಂದು, ಹೊಸ ಎಂಜಿನ್ ಆಯಿಲ್ ಮತ್ತು ಟರ್ಪೆಂಟೈನ್ ಬೆರೆಸಿದೆ. ಬೆಂಕಿಯ ಹತ್ತಿರ ಟರ್ಪೆಂಟೈನ್ ಬೇಡವೇ ಬೇಡ. ಮನೆಯದ್ದರ ಖರ್ಚು ಅಂಗಡಿಯದರ ಕಾಲುಭಾಗವೂ ಇಲ್ಲ, ವಾಸನೆಯೂ ಹಿತ. ಆದರೆ ನಾನು ದಪ್ಪ ಮಾಡಿಬಿಟ್ಟಿದ್ದೆ. ತಗಡು ಸೇರುವ ಸಂದಿಗಳೊಳಗೆ ಅದು ಇಳಿಯಲಿಲ್ಲ. ಅಂಗಡಿಯದ್ದು ಸಂದಿಯ ಇನ್ನೊಂದು ಬದಿಯಲ್ಲಿ ಜಿನುಗಿ ಹೊರಬಂದದ್ದನ್ನು ಕಣ್ಣಾರೆ ಕಂಡೆ. ಮರುವರ್ಷ ಟರ್ಪೆಂಟೈನ್ ಹೆಚ್ಚಿಸಿ ಮತ್ತೆ ಹೊಡೆದ ಮೇಲೆ ಬಲಗಡೆಯೂ ಸುಧಾರಿಸಿತು. ಸಮಯವಿದ್ದರೆ ಮನೆಯದ್ದು ಸಾಕು. ಒಂದೇ ಸಲಕ್ಕೆ ಮುಗಿಸಬೇಕೆನ್ನುವವರು ಡಬ್ಬಿ ಕೊಳ್ಳಲಿ.

ಯಾವುದನ್ನೇ ಬಳಿದರೂ ಚಾಸಿಸ್‌ನ ಅಡಿಯಲ್ಲಿರುವ ನೀರು ಬಸಿಯುವ ರಂಧ್ರಗಳನ್ನು ಮುಚ್ಚಬೇಡಿ. ಮಳೆಗಾಲದಲ್ಲಿ ಪ್ರತಿ ಭಾನುವಾರ ಸೈಕಲ್ಲಿನ ಹಳೆಯ ಕಡ್ಡಿಯೊಂದನ್ನು ಅವುಗಳೊಳಗೆ ಆಡಿಸಿ, ಇಳಿಯುವ ನೀರನ್ನು ಬಿಳಿ ಬೋಗುಣಿಯಲ್ಲಿ ಹಿಡಿಯುತ್ತೇನೆ. ಕಳೆದ ಮಳೆಯಲ್ಲಿ ಎಡಗಡೆಯದ್ದು ತಿಳಿಯಾಗಿ ಬಂತು. ಬಲಗಡೆ, ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಹತ್ತಿರದ ರಂಧ್ರದಿಂದ ಮಾತ್ರ ಇನ್ನೂ ಚಹಾದಷ್ಟು ಕೆಂಪು ಬರುತ್ತಿದೆ. ಬರುವ ಫೆಬ್ರವರಿಯಲ್ಲಿ ಆ ಹ್ಯಾಂಗರ್ ಬಿಚ್ಚಬೇಕು.