ಆಗ್ರಾಕ್ಕೆ ಒಂದು ದಿನದ ‘ಎಲ್ಲವೂ ಸೇರಿದ’ ಪ್ಯಾಕೇಜ್: ಮುಂಗಡ ಕೊಡುವ ಮೊದಲು ಓದಿ

ಬೇಸಿಗೆಯ ಇಂಟರ್ನ್‌ಶಿಪ್‌ಗೆಂದು ಕರ್ನಾಟಕದಿಂದ ಗುರುಗ್ರಾಮ, ನೊಯ್ಡಾ, ದೆಹಲಿಗಳಿಗೆ ಹೋಗುವ ವಿದ್ಯಾರ್ಥಿಗಳು ಕೆಲವೇ ವಾರಗಳಲ್ಲಿ ಜೊತೆಯ ಇಂಟರ್ನ್‌ಗಳೊಡನೆ ಆಗ್ರಾಕ್ಕೆ ಹೊರಡುವುದು ಈಗ ಹೆಚ್ಚುಕಡಿಮೆ ವಾಡಿಕೆಯೇ ಆಗಿದೆ. ಅವರು ಖಂಡಿತ ಹೋಗಬೇಕು. ಆದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಏಜೆಂಟರ ಒಂದು ದಿನದ ಪ್ಯಾಕೇಜ್ ಹಿಡಿದು ಹೋಗಬಾರದು. ಗುರುಗ್ರಾಮದಿಂದ ನಾವು ಹಾಗೆಯೇ ಹೋಗಿ ಬಂದೆವು. ಕಳೆದುಹೋದ ಹಣಕ್ಕಿಂತ ಕಳೆದುಹೋದ ದಿನದ ಬಗ್ಗೆ ನನಗೆ ಹೆಚ್ಚು ಸಿಟ್ಟಿದೆ. ಪಟ್ಟಿಯಲ್ಲಿದ್ದ ಆಗ್ರಾ ಕೋಟೆಯೊಳಗೆ ನಾವು ಕಾಲಿಡಲಿಲ್ಲ, ಇತಿಮಾದ್-ಉದ್-ದೌಲಾನ ಸಮಾಧಿಯ ಹೆಸರನ್ನು ಯಾರೂ ಎತ್ತಲಿಲ್ಲ. ಅಮೃತಶಿಲೆ, ಚರ್ಮ, ಸೀರೆ ಮತ್ತು ಪೇಠಾದ ಅಂಗಡಿಗಳನ್ನು ಮಾತ್ರ ಒಂದನ್ನೂ ಬಿಡದೆ ದರ್ಶನ ಮಾಡಿಸಲಾಯಿತು.

ಪ್ಯಾಕೇಜ್ ತಲೆಗೆ 1,800 ರೂಪಾಯಿಯದು. ಎ.ಸಿ. ಟೆಂಪೊ ಟ್ರಾವೆಲರ್, ಟೋಲ್, ಪ್ರವೇಶ ಟಿಕೆಟ್, ‘ಸರ್ಕಾರಿ ಗೈಡ್’ ಎಲ್ಲವೂ ಅದರಲ್ಲೇ ಸೇರಿದೆ ಎಂದು ಏಜೆಂಟ್ ಫೋನಿನಲ್ಲಿ ಹೇಳಿದ್ದರು. ಗಾಡಿ ದೆಹಲಿಯನ್ನು ದಾಟುತ್ತಿದ್ದಂತೆ ಚಾಲಕರು ಉತ್ತರ ಪ್ರದೇಶದ ತೆರಿಗೆಯನ್ನು ಬೇರೆಯಾಗಿ ಕೊಡಬೇಕೆಂದು ಕೇಳಿದರು. ಹರಿಯಾಣದ ಬಾಡಿಗೆ ವಾಹನವು ಇನ್ನೊಂದು ರಾಜ್ಯಕ್ಕೆ ಹೋಗುವಾಗ ಅದರ ಪರ್ಮಿಟ್‌ಗೆ ಅನುಗುಣವಾಗಿ ತೆರಿಗೆ ಬೀಳಬಹುದೆಂಬುದು ನಿಜವಾದ್ದರಿಂದ ಆ ಬೇಡಿಕೆಯನ್ನು ಸುಳ್ಳೆಂದು ತಳ್ಳಿಹಾಕುವಂತಿರಲಿಲ್ಲ. ಏಜೆಂಟರಿಗೆ ಫೋನ್ ಮಾಡಿದರೆ ಅವರು ಚಾಲಕರನ್ನು ಕೇಳಿ ಎಂದರು, ಚಾಲಕರು ಏಜೆಂಟರನ್ನು ಕೇಳಿ ಎಂದರು. ರಸ್ತೆಯ ಬದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ನಡೆಯುವ ಇಂಥ ವಾದದಲ್ಲಿ ಪ್ರಯಾಣಿಕರು ಗೆಲ್ಲುವುದಿಲ್ಲ.

ತಾಜ್ ಮಹಲಿನ ಬಾಗಿಲು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ತೆರೆಯುತ್ತದೆ. ಜೂನ್ ತಿಂಗಳಲ್ಲಿ ಆಗ್ರಾದ ಬಿಸಿಲು ಎಂಥದೆಂದು ಬಲ್ಲವರು ಆ ಹೊತ್ತಿಗೇ ಒಳಗೆ ಹೋಗಿ, ಕಲ್ಲಿನ ನೆಲ ಕಾಯುವಷ್ಟರಲ್ಲಿ ಹೊರಬಂದಿರುತ್ತಾರೆ. 165 ಕಿಲೋಮೀಟರ್ ಉದ್ದದ ಯಮುನಾ ಎಕ್ಸ್‌ಪ್ರೆಸ್‌ವೇ ಇರುವುದರಿಂದ ನಸುಕಿನಲ್ಲಿ ಹೊರಟ ಗಾಡಿ ಬಿಸಿಲೇರುವ ಮುನ್ನ ಆಗ್ರಾ ತಲುಪಲು ಅಡ್ಡಿಯೇನೂ ಇಲ್ಲ. ನಮ್ಮ ಗಾಡಿ ಮೊದಲಿಗೆ ತಡವಾಗಿ ಬಂದಿತು. ಆಮೇಲೆ ಚಾಲಕರಿಗೆ ಊಟ ಪುಕ್ಕಟೆಯಾಗಿ ಸಿಗುವ ಢಾಬಾವೊಂದರ ಮುಂದೆ, ತಿಂಡಿ ಮುಗಿದ ಮೇಲೂ ಬಹಳ ಹೊತ್ತು ನಿಂತಿತು. ತಾಜ್ ಮುಟ್ಟಿದಾಗ ನಡುಮಧ್ಯಾಹ್ನ. ಶುಕ್ರವಾರ ಸ್ಮಾರಕಕ್ಕೆ ರಜೆಯಿರುವುದರಿಂದ ಶನಿವಾರದ ಸಾಲು ಮಾಮೂಲಿಗಿಂತ ಉದ್ದವಾಗಿರುತ್ತದೆ ಎಂಬುದೂ ಆಗಲೇ ಕಣ್ಣಿಗೆ ಬಿದ್ದದ್ದು. ಈ ವಿಳಂಬ ಆಕಸ್ಮಿಕವಾಗಿತ್ತೆಂದು ನಾನು ನಂಬುವುದಿಲ್ಲ. ಹೊತ್ತು ಮೀರಿ ಬಂದ, ಬಿಸಿಲಿಗೆ ಬಸವಳಿದ ಗುಂಪು ‘ಬೇಗ ಒಳಗೆ ಬಿಡಿಸುತ್ತೇನೆ’ ಎನ್ನುವವರ ಹಿಂದೆ ತಕರಾರಿಲ್ಲದೆ ಹೋಗುತ್ತದೆ.

ಹಾಗೆ ಹೇಳುವವರು ಗಾಡಿ ನಿಲ್ಲುವ ಮೊದಲೇ ಒಳಗೆ ಹತ್ತಿಬಿಟ್ಟಿದ್ದರು. ಆಗ್ರಾದ ಜನರೇ ‘ಲಪ್ಕಾ’ ಎಂದು ಕರೆಯುವ ದಲ್ಲಾಳಿಗಳ ಪೈಕಿ ಒಬ್ಬರು, ಕೊರಳಲ್ಲಿ ಒಂದು ಕಾರ್ಡು ತೂಗಿಸಿಕೊಂಡು, ತಮ್ಮನ್ನು ಸರ್ಕಾರಿ ಗೈಡ್ ಎಂದು ಪರಿಚಯಿಸಿಕೊಂಡರು. ಕಾರ್ಡಿನ ಹಿಂಬದಿ ಮಾತ್ರ ನಮ್ಮ ಕಡೆಗಿತ್ತು. ಅವರು ಆಡಿದ ಮಾತುಗಳಲ್ಲಿ ಅರ್ಧದಷ್ಟು ನಿಜ ಬೆರೆತಿದ್ದುದರಿಂದಲೇ ಅವನ್ನು ಅಲ್ಲಗಳೆಯುವುದು ಕಷ್ಟವಾಯಿತು. ಮಾಲಿನ್ಯ ತಡೆಯಲು ಪೆಟ್ರೋಲ್, ಡೀಸೆಲ್ ವಾಹನಗಳನ್ನು ಸ್ಮಾರಕದಿಂದ ದೂರದಲ್ಲೇ ನಿಲ್ಲಿಸುತ್ತಾರೆ ಎಂಬುದು ನಿಜ. ಆದರೆ ‘ನನ್ನ ಇ-ರಿಕ್ಷಾದಲ್ಲೇ ಹೋಗಬೇಕು’ ಎಂಬುದು ಸುಳ್ಳು. ಪೂರ್ವ ದ್ವಾರದ ಕಡೆಯ ಶಿಲ್ಪಗ್ರಾಮದ ನಿಲುಗಡೆಯಿಂದ ಎಲ್ಲರಿಗೂ ಬ್ಯಾಟರಿ ವಾಹನಗಳು ಸಿಗುತ್ತವೆ, ನಡೆದೂ ಹೋಗಬಹುದು. ದೊಡ್ಡ ಚೀಲ, ತಿಂಡಿ, ಲೈಟರುಗಳನ್ನು ಒಳಗೆ ಬಿಡುವುದಿಲ್ಲ ಎಂಬುದೂ ನಿಜ. ಆದರೆ ಚೀಲಗಳನ್ನು ತಮ್ಮ ಪರಿಚಯದ ಅಂಗಡಿಯ ‘ಉಚಿತ ಲಾಕರ್’ನಲ್ಲಿ ಇಡಿಸಿದ್ದರ ಉದ್ದೇಶ ಬೇರೆಯಿತ್ತು. ಚೀಲ ಎಲ್ಲಿದೆಯೋ ಅಲ್ಲಿಗೆ ಮನುಷ್ಯ ಮರಳಿ ಬರಲೇಬೇಕು, ಬಂದವನು ಅಂಗಡಿಯ ಒಳಗೇ ಇರುತ್ತಾನೆ.

ಟಿಕೆಟ್ ವಿಷಯದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾವು ಹೋದಾಗ ಭಾರತೀಯರಿಗೆ ಪ್ರವೇಶ ದರ 50 ರೂಪಾಯಿ, ನೇಪಾಳವೂ ಸೇರಿದಂತೆ ಸಾರ್ಕ್ ದೇಶಗಳವರಿಗೆ 540 ರೂಪಾಯಿ, ಇತರ ವಿದೇಶಿಯರಿಗೆ 1,100 ರೂಪಾಯಿ. ಮುಖ್ಯ ಗುಮ್ಮಟದೊಳಗಿನ ಸಮಾಧಿಯನ್ನು ನೋಡಲು ಎಲ್ಲರೂ ಇನ್ನೂ 200 ರೂಪಾಯಿ ಕೊಡಬೇಕು. ‘ಟಿಕೆಟ್ ಸೇರಿದೆ’ ಎಂದ ಪ್ಯಾಕೇಜ್‌ನಲ್ಲಿ ಸೇರಿದ್ದದ್ದು ಬರೀ ಐವತ್ತು ರೂಪಾಯಿಯದು. ಒಳಗೆ ಹೋಗಿ, ಮೆಟ್ಟಿಲ ಹತ್ತಿರ ತಡೆದಾಗಲೇ ನಮಗೆ ಅದು ತಿಳಿಯಿತು. ಅದಕ್ಕಿಂತ ಬೇಸರದ ಸಂಗತಿ ನಮ್ಮೊಡನಿದ್ದ ನೇಪಾಳದ ಗೆಳತಿಯದು. ಆಕೆ ತನ್ನ ದೇಶ ಯಾವುದೆಂದು ಗೈಡ್‌ಗೆ ಮೊದಲೇ ಹೇಳಿದ್ದರೂ, ‘ನಾನು ನೋಡಿಕೊಳ್ಳುತ್ತೇನೆ’ ಎಂದು ಆಕೆಯಿಂದ ಬೇರೆಯಾಗಿ 500 ರೂಪಾಯಿ ತೆಗೆದುಕೊಂಡು ಭಾರತೀಯರ ಟಿಕೆಟನ್ನೇ ಕೈಗಿತ್ತರು. ದ್ವಾರದಲ್ಲಿ ಗುರುತಿನ ಚೀಟಿ ಕೇಳಿದರು. ಅಷ್ಟು ಜನರ ಎದುರಿಗೆ ಆಕೆ ಸುಳ್ಳು ಹೇಳಿ ಒಳನುಗ್ಗಲು ಬಂದವಳಂತೆ ತಲೆತಗ್ಗಿಸಿ ಹಿಂದಿರುಗಬೇಕಾಯಿತು. ಹೊರಗೆ ಹೋಗಿ ಸರಿಯಾದ ಟಿಕೆಟ್ ಕೊಂಡು ಬರುವಷ್ಟರಲ್ಲಿ ಉಳಿದವರ ಟಿಕೆಟಿನ ಮೂರು ಗಂಟೆಯ ಅವಧಿಯಲ್ಲಿ ಬಹುಪಾಲು ಕರಗಿತ್ತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅಧಿಕೃತ ಜಾಲತಾಣದಲ್ಲಿ ಹಿಂದಿನ ದಿನವೇ ಟಿಕೆಟ್ ಕಾಯ್ದಿರಿಸಲು ಬರುತ್ತದೆ, ಅದಕ್ಕೆ ಯಾವ ಗೈಡೂ ಬೇಕಾಗಿಲ್ಲ.

ಅಂಗಡಿಯಲ್ಲಿ ನಡೆದದ್ದು ಮಾತ್ರ ಒಂದು ನಾಟಕ. ಮೊದಲು ತಣ್ಣನೆಯ ನೀರು, ಚಹಾ. ಆಮೇಲೆ ಇಬ್ಬರು ಕುಶಲಕರ್ಮಿಗಳು ಅಮೃತಶಿಲೆಯ ಮೇಲೆ ಹೂವಿನ ದಳವೊಂದನ್ನು ಕೊರೆದು, ಕೆಂಪು ಕಲ್ಲಿನ ಚೂರನ್ನು ಕೂಡಿಸುವ ಪರ್ಚಿನ್‌ಕಾರಿ ಕೆಲಸದ ಪ್ರದರ್ಶನ. ಆ ಕೆಲಸ ನಿಜವಾದದ್ದು, ಸುಂದರವಾದದ್ದು. ಆಗ್ರಾದಲ್ಲಿ ಇಂದಿಗೂ ಅದನ್ನು ಬದುಕಾಗಿಸಿಕೊಂಡ ಕುಟುಂಬಗಳಿವೆ. ಆದರೆ ಮುಂದಿನ ಕೋಣೆಯಲ್ಲಿ ಮಾರುವ ವಸ್ತುವಿಗೂ ಮುಂದೆ ಕುಳಿತು ಕೆತ್ತುವವರಿಗೂ ಸಂಬಂಧ ಇರಲೇಬೇಕೆಂದಿಲ್ಲ. ದೀಪಗಳನ್ನು ಆರಿಸಿ, ತಟ್ಟೆಯ ಕೆಳಗೆ ಟಾರ್ಚ್ ಹಿಡಿದು, ‘ನೋಡಿ, ಬೆಳಕು ಹಾಯುತ್ತದೆ, ಇದು ತಾಜ್‌ಗೆ ಬಳಸಿದ ಮಕ್ರಾನಾದ ಕಲ್ಲೇ’ ಎಂದರು. ತಾಜ್‌ನ ಬಿಳಿ ಕಲ್ಲು ರಾಜಸ್ಥಾನದ ಮಕ್ರಾನಾದಿಂದ ಬಂದದ್ದು ನಿಜ, ಅದರ ಮೂಲಕ ಬೆಳಕು ಹಾಯುವುದೂ ನಿಜ. ಆದರೆ ಜಿಪ್ಸಮ್ ಜಾತಿಯ ಮೆದುವಾದ, ಅಗ್ಗದ ಅಲಬಾಸ್ಟರ್ ಕಲ್ಲಿನಲ್ಲೂ ಬೆಳಕು ಅಷ್ಟೇ ಚೆನ್ನಾಗಿ ಹಾಯುತ್ತದೆ! ಟಾರ್ಚಿನ ಪರೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ. ಬದಲಿಗೆ ತಟ್ಟೆಯ ತಳವನ್ನು ಉಗುರಿನಿಂದ ಗೀಚಿ ನೋಡಬೇಕು. ಅಮೃತಶಿಲೆಗೆ ಉಗುರು ನಾಟುವುದಿಲ್ಲ, ಅಲಬಾಸ್ಟರ್ ಮತ್ತು ಬಳಪದ ಕಲ್ಲಿನ ಮೇಲೆ ಗೀರು ಬೀಳುತ್ತದೆ. ಬೇಲೂರು, ಹಳೇಬೀಡುಗಳನ್ನು ನೋಡಿ ಬೆಳೆದ ನಮಗೆ ಬಳಪದ ಕಲ್ಲಿನ ಮೃದುತ್ವವನ್ನು ಯಾರೂ ಹೇಳಿಕೊಡಬೇಕಿಲ್ಲ. ನಾನು ಉಗುರು ಹಾಕಲು ಹೋದಾಗ ಮಾರಾಟಗಾರರು ತಟ್ಟೆಯನ್ನು ನಯವಾಗಿ ಹಿಂದಕ್ಕೆಳೆದುಕೊಂಡರು.

ಇಷ್ಟಾದರೂ ನಮ್ಮಲ್ಲೊಬ್ಬರು ತಾಯಿಗೆಂದು ಒಂದು ಸಣ್ಣ ಮೇಜಿನ ಹಲಗೆಯನ್ನು 14,000 ರೂಪಾಯಿಗೆ ಕೊಂಡರು. ಹೊರಲು ಭಾರ, ನೇರವಾಗಿ ಮೈಸೂರಿನ ಮನೆಗೇ ಪಾರ್ಸೆಲ್ ಕಳಿಸುತ್ತೇವೆ ಎಂದು ಅಂಗಡಿಯವರು ಭರವಸೆ ಕೊಟ್ಟರು. ಮನೆಗೆ ಬಂದದ್ದು ಅಳತೆಯಲ್ಲಿ ಚಿಕ್ಕದಾದ, ಹೂವುಗಳ ಜಾಗದಲ್ಲಿ ಬಣ್ಣ ತುಂಬಿದ ಬೇರೆಯೇ ವಸ್ತು. ಕೊಟ್ಟಿದ್ದ ಫೋನ್ ಸಂಖ್ಯೆ ಕೆಲವು ದಿನ ರಿಂಗಾಗಿ ಆಮೇಲೆ ಅದೂ ನಿಂತಿತು. ಕೈಯಲ್ಲಿದ್ದ ಚೀಟಿಯ ಮೇಲೆ ‘ಎಸ್ಟಿಮೇಟ್’ ಎಂದಿತ್ತು. ಜಿಎಸ್‌ಟಿ ಸಂಖ್ಯೆಯಿಲ್ಲ, ಅಂಗಡಿಯ ಪೂರ್ತಿ ವಿಳಾಸವಿಲ್ಲ, ಯುಪಿಐ ಪಾವತಿಯಲ್ಲಿ ಕಂಡ ಹೆಸರು ಯಾರೋ ವ್ಯಕ್ತಿಯದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದೂರುದಾರರು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಆಗ್ರಾಕ್ಕೆ ಅಲೆಯಬೇಕಿಲ್ಲ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ದೂರು ಯಾರ ಮೇಲೆ ಎಂಬ ಮೊದಲ ಪ್ರಶ್ನೆಗೆ ಉತ್ತರವೇ ಇಲ್ಲದಂತೆ ಆ ಚೀಟಿಯನ್ನು ಬರೆಯಲಾಗಿತ್ತು. ಕೊಳ್ಳಲೇಬೇಕೆಂದಿದ್ದರೆ ವಸ್ತುವಿನ ಹೆಸರು, ಕಲ್ಲಿನ ಜಾತಿ, ಅಳತೆ ಮತ್ತು ಜಿಎಸ್‌ಟಿ ಸಂಖ್ಯೆ ಇರುವ ಬಿಲ್ ಪಡೆದು, ವಸ್ತುವನ್ನು ಕೈಯಲ್ಲೇ ಹೊತ್ತು ತನ್ನಿ. ಹೊರಲಾಗದಷ್ಟು ಭಾರದ್ದಾದರೆ ಅಲ್ಲೇ ಬಿಟ್ಟುಬನ್ನಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಪ್ರವಾಸಿಗರ ಸಹಾಯವಾಣಿಯದು 1363.

ಇಷ್ಟು ಜನರಿದ್ದೂ ‘ಬೇಡ’ ಎನ್ನಲು ಯಾರಿಗೂ ಬಾಯಿ ಬರಲಿಲ್ಲವೇ ಎಂದು ಊರಿನಲ್ಲಿ ಕೇಳಿದರು. ಈ ದಂಧೆಗೆ ಇಂಟರ್ನ್‌ಗಳ ಗುಂಪಿಗಿಂತ ಒಳ್ಳೆಯ ಗಿರಾಕಿ ಸಿಗುವುದಿಲ್ಲ ಎಂಬುದು ನನ್ನ ಉತ್ತರ. ಪರಿಚಯವಾಗಿ ಹೆಚ್ಚು ದಿನ ಆಗಿರುವುದಿಲ್ಲ, ಸೋಮವಾರ ಮತ್ತೆ ಅದೇ ಕಚೇರಿಯಲ್ಲಿ ಮುಖ ನೋಡಬೇಕು, ಎಲ್ಲರ ಸಂತೋಷಕ್ಕೆ ಅಡ್ಡಬಂದವರು ಎಂಬ ಹೆಸರು ಯಾರಿಗೂ ಬೇಡ. ಹಿಂದಿ ಅರೆಬರೆ ಬರುವವರನ್ನು ಗೈಡ್ ಮೊದಲ ಐದು ನಿಮಿಷದಲ್ಲೇ ಗುರುತಿಸಿ, ಆಮೇಲೆ ದಿನವಿಡೀ ಅವರ ಪಕ್ಕದಲ್ಲೇ ನಡೆಯುತ್ತಾರೆ. ಒಬ್ಬರು ಯುಪಿಐನಲ್ಲಿ ಪಾವತಿಸಿ ಉಳಿದವರು ಆಮೇಲೆ ಕೊಡುವ ಪದ್ಧತಿಯಿಂದಾಗಿ, ತಮ್ಮ ಜೇಬಿನಿಂದ ಹಣ ಹೋಗುತ್ತಿರುವುದು ಆ ಕ್ಷಣಕ್ಕೆ ಯಾರಿಗೂ ಅನ್ನಿಸುವುದೂ ಇಲ್ಲ. ಹೊರಡುವ ಮೊದಲೇ ಒಬ್ಬರಿಗೆ ‘ಬೇಡ’ ಎನ್ನುವ ಅಧಿಕಾರವನ್ನು ಒಪ್ಪಿಸಿಬಿಡುವುದು ಒಳ್ಳೆಯದು.

ಈ ಎಲ್ಲಕ್ಕಿಂತ ಗಂಭೀರವಾದದ್ದು ರಾತ್ರಿಯ ಭಾಗ. ಅಂಗಡಿಗಳಲ್ಲಿ ಕಳೆದ ಹೊತ್ತಿನಿಂದಾಗಿ ಹೊರಡುವಾಗಲೇ ಕತ್ತಲಾಗಿತ್ತು. ದೆಹಲಿ ತಲುಪಿದ ಮೇಲೆ ಚಾಲಕರು, ಪಿ.ಜಿ.ವರೆಗೆ ಬಿಡಬೇಕಾದರೆ ರಾತ್ರಿಯ ಬಾಟಾ ಬೇರೆ ಕೊಡಬೇಕು, ಇಲ್ಲವಾದರೆ ಇಲ್ಲೇ ಇಳಿಯಿರಿ ಎಂದರು. ಮೆಟ್ರೊ ನಿಂತಿತ್ತು, ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರು. ಕೇಳಿದಷ್ಟು ಕೊಟ್ಟೆವು. ಅದನ್ನು ನಾನು ವ್ಯವಹಾರವೆಂದು ಕರೆಯಲಾರೆ.

ಆಗ್ರಾವನ್ನು ನೋಡುವ ಸರಿಯಾದ ದಾರಿ ರೈಲಿನದು. ಹಜ್ರತ್ ನಿಜಾಮುದ್ದೀನ್‌ನಿಂದ ಬೆಳಿಗ್ಗೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ ಸುಮಾರು 100 ನಿಮಿಷಗಳಲ್ಲಿ ಆಗ್ರಾ ಕ್ಯಾಂಟ್ ತಲುಪಿ, ಸಂಜೆ ಮರಳುತ್ತದೆ. ಶುಕ್ರವಾರ ಅದು ಓಡುವುದಿಲ್ಲ. ಬೇಸಿಗೆಯಾದರೆ ಶುಕ್ರವಾರ ಸಂಜೆಯೇ ಬೇರೆ ರೈಲಿನಲ್ಲಿ ಹೋಗಿ ತಂಗಿದ್ದು, ಶನಿವಾರ ನಸುಕಿನಲ್ಲಿ ತಾಜ್ ನೋಡುವುದು ಇನ್ನೂ ಲೇಸು. ಆಮೇಲೆ ನೂರ್ ಜಹಾನ್ ತನ್ನ ತಂದೆಗಾಗಿ 1622ರಿಂದ 1628ರ ನಡುವೆ ಕಟ್ಟಿಸಿದ ಇತಿಮಾದ್-ಉದ್-ದೌಲಾ ಸಮಾಧಿಗೆ ಹೋಗಬಹುದು. ಅಂಗಡಿಯವರು ಬಣ್ಣಿಸುವ ಕೆತ್ತನೆಯ ಕೆಲಸವನ್ನು ತಾಜ್‌ಗಿಂತ ಮೊದಲಿನ ರೂಪದಲ್ಲಿ, ನೂಕುನುಗ್ಗಲಿಲ್ಲದೆ ಅಲ್ಲಿ ಕಾಣಬಹುದು. ಔರಂಗಜೇಬನ ಸೆರೆಯಲ್ಲಿ ಷಹಜಹಾನ್ 1666ರಲ್ಲಿ ಸಾಯುವವರೆಗೂ ಇದ್ದ ಕೋಟೆಯನ್ನು ಬಿಸಿಲು ಇಳಿದ ಮೇಲೆ ನೋಡಿ, ಹೊತ್ತು ಉಳಿದರೆ ಯಮುನೆಯ ಆಚೆ ದಡದ ಮೆಹ್ತಾಬ್ ಬಾಗ್‌ಗೆ ಹೋಗಿ.

ಗುಂಪು ದೊಡ್ಡದು, ಗಾಡಿಯೇ ಬೇಕು ಎನ್ನುವವರು ಮುಂಗಡ ಕೊಡುವ ಮೊದಲು ಏಜೆಂಟರಿಂದ ಲಿಖಿತ ಸಂದೇಶದಲ್ಲಿ ಇಷ್ಟನ್ನು ಪಡೆಯಿರಿ: ವಾಹನದ ಸಂಖ್ಯೆ, ಟೋಲ್ ಮತ್ತು ರಾಜ್ಯ ತೆರಿಗೆ ಯಾರದು, ಸಮಾಧಿಯ 200 ರೂಪಾಯಿ ಸೇರಿದೆಯೇ, ವಾಪಸು ಇಳಿಸುವ ಜಾಗ ಯಾವುದು ಎಂಬ ವಿವರಗಳು, ಮತ್ತು ‘ಪ್ರಯಾಣಿಕರು ಹೇಳದ ಹೊರತು ಯಾವ ಅಂಗಡಿಯ ಮುಂದೆಯೂ ಗಾಡಿ ನಿಲ್ಲಿಸುವುದಿಲ್ಲ’ ಎಂಬ ಒಂದು ವಾಕ್ಯ. ಆ ಕೊನೆಯ ವಾಕ್ಯವನ್ನು ಬರೆದುಕೊಡಲು ಹಿಂದೇಟು ಹಾಕುವವರಿಗೆ ಹಣ ಕಳಿಸಬೇಡಿ.